ವಿಡಿಯೋ ಆಟಗಳಲ್ಲಿ ಸಮಲಿಂಗಪ್ರಣಯ: ‘ನಮ್ಮ ಸಂಸ್ಕೃತಿ’ಯೆಂಬ ಆಕ್ಷೇಪದ ವಿಮರ್ಶೆ

1. ಪ್ರಸ್ತಾವ

2014ನೆಯ ಇಸವಿಯ ನವಂಬರ್ ತಿಂಗಳಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕೆಯ ಕಂಪನಿಯು ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ಎಂಬ ತನ್ನ ವಿಡಿಯೋ ಆಟವನ್ನು, ಅದು ಬಿಡುಗಡೆಯಾಗುವ ಹೊತ್ತಿನಲ್ಲಿಯೇ, ಭಾರತದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಅಶ್ಲೀಲತೆಯನ್ನು ಕುರಿತ ಸ್ಥಳೀಯ ಕಾನೂನಿಗೆ ಭಂಗ ಬಾರದಿರಲೆಂದು ಹೀಗೆ ಮಾಡಲಾಯಿತೆಂದೂ, ಮುಂಗಡವಾಗಿ ಹಣ ತೆತ್ತವರಿಗೆ ಅದನ್ನು ಹಿಂದಿರುಗಿಸಲಾಗುವುದೆಂದೂ ಕಂಪನಿಯು ತಿಳಿಸಿತು. ಆಟದ ಯಾವ ಭಾಗವು ಕಾನೂನಿಗೆ ವಿರುದ್ಧವೆಂಬುದನ್ನು ಮಾತ್ರ ಅದು ಹೇಳಲಿಲ್ಲ. ನ್ಯಾಯಾಲಯದ ಆಜ್ಞೆಯನ್ನಾಗಲಿ ಸರ್ಕಾರದ ನಿಷೇಧವನ್ನಾಗಲಿ ಕಾರಣವಾಗಿ ಉದಾಹರಿಸಲೂ ಇಲ್ಲ. ಆಟದಲ್ಲಿ ಪುರುಷನು ಪುರುಷನನ್ನೂ ಸ್ತ್ರೀಯು ಸ್ತ್ರೀಯನ್ನೂ ಪ್ರೀತಿಸುವ ಮಾರ್ಗಗಳಿದ್ದುದರಿಂದ ಅವೇ ಕಾರಣವಾಗಿರಬೇಕೆಂದು ಪತ್ರಿಕೆಗಳು ಊಹಿಸಿದವು. ಕೆಲವು ದೃಶ್ಯಗಳಲ್ಲಿನ ನಗ್ನತೆಯೇ ಕಾರಣವೆಂಬ ಊಹೆಯೂ ಉಂಟು. ಇದೇ ಬಗೆಯ ಪ್ರಣಯಗಳನ್ನೊಳಗೊಂಡ ಅದೇ ಕಂಪನಿಯ ‘ಮಾಸ್ ಎಫೆಕ್ಟ್ 3’ ಎಂಬ ಆಟವು 2012ರಲ್ಲಿ ಇಲ್ಲಿ ಮಾರಾಟವಾಗಿದ್ದಿತೆಂಬುದನ್ನು ನೆನೆದರೆ ಕಾರಣವನ್ನು ಖಚಿತವಾಗಿ ಹೇಳುವುದು ಸಾಧ್ಯವಲ್ಲವೆಂದು ಕಾಣುತ್ತದೆ.

ಘಟನೆ ಚಿಕ್ಕದಾದರೂ ಅದರ ಸುತ್ತ ಬೆಳೆದ ವಾದವು ಸಾಹಿತ್ಯಾಭ್ಯಾಸಿಗಳಿಗೆ ಸಂಬಂಧಿಸಿದುದಾಗಿದೆ. ಇಂಥ ಪ್ರಣಯವು ‘ನಮ್ಮ ಸಂಸ್ಕೃತಿ’ಗೆ ಹೊರಗಾದುದು, ಪರದೇಶದ ಆಟಗಳ ಮೂಲಕ ನಮ್ಮ ಮೇಲೆ ಹೇರಲ್ಪಟ್ಟುದು, ಎಳೆಯರ ಮನಸ್ಸನ್ನು ಕೆಡಿಸುವಂಥದು ಎಂದು ಒಂದು ಪಕ್ಷದವರು ಹೇಳುತ್ತಾರೆ. ಪ್ರಾಚೀನ ಕಾಲದಲ್ಲಿ ನಮ್ಮವರು ಇದನ್ನು ಸಂಪೂರ್ಣವಾಗಿ ಅಂಗೀಕರಿಸಿದ್ದರು, ಆಂಗ್ಲರ ಕಾನೂನಿನಿಂದಲೇ ದ್ವೇಷವು ಹುಟ್ಟಿತು ಎಂದು ಇನ್ನೊಂದು ಪಕ್ಷದವರ ಮತ. ಎರಡೂ ಪಕ್ಷಗಳು ಸಂಸ್ಕೃತಿಯನ್ನೇ ಸಾಕ್ಷಿಗೆ ಕರೆಯುತ್ತವೆ. ಸಾಕ್ಷ್ಯವನ್ನು ಪರೀಕ್ಷಿಸುವ ತಾಳ್ಮೆ ಎರಡರಲ್ಲಿಯೂ ಕಡಮೆ. ಹಸ್ತಪ್ರತಿಯ ಒಂದು ಪಾಠವನ್ನು ನಿರ್ಣಯಿಸುವಾಗ ವಿದ್ವಾಂಸರು ಪ್ರತಿಗಳನ್ನು ಕೇಳುವಂತೆ, ಇಲ್ಲಿಯೂ ಗ್ರಂಥಗಳನ್ನು ಕೇಳುವುದು ಯುಕ್ತ.

‘ನಮ್ಮ’ ಎಂಬ ಮಾತಿಗೆ ಒಂದು ನೆಲೆ ಬೇಕು. ಇಡೀ ಭಾರತವನ್ನು ಹೊಕ್ಕರೆ ಯಾವ ಮತಕ್ಕೂ ಒಂದು ಆಧಾರ ದೊರೆತೇ ದೊರೆಯುವುದು. ಆದುದರಿಂದ ಪ್ರಕೃತ ವಿಮರ್ಶೆಯು ಒಂದು ಸೀಮೆಗೆ ಮಾತ್ರ ಪರಿಮಿತವಾಗಿದೆ. ಕಲಬುರಗಿ ನಗರದಿಂದ ಹೊರಟ ಹೆದ್ದಾರಿಯು ಕೆಂಪುಬಾಳೆಗೆ ಹೆಸರಾದ ಕಮಲಾಪುರವನ್ನು ಹಾದು ಹುಮನಾಬಾದಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಚಾಲುಕ್ಯರ ರಾಜಧಾನಿಯೂ ಶರಣರ ಕ್ಷೇತ್ರವೂ ಆದ ಕಲ್ಯಾಣವು ದೂರವಲ್ಲ. ಈ ದಾರಿಯ ಎರಡು ಬದಿಯ ನಾಡು ಧರ್ಮಶಾಸ್ತ್ರ, ವಚನ, ಸೂಫಿಕಾವ್ಯ ಎಂಬ ಮೂರು ಪರಂಪರೆಗಳನ್ನು ಕಂಡುದಾಗಿದೆ. ಕಲಬುರಗಿಯ ಇಲ್ಲವೆ ಕಮಲಾಪುರದ ವಿದ್ಯಾರ್ಥಿಯೊಬ್ಬನಿಗೆ ‘ಇದು ನಮ್ಮದಲ್ಲ’ ಎಂದು ಹೇಳಬೇಕಾದರೆ ಮೊದಲು ಈ ಸೀಮೆಯ ಸಾಕ್ಷ್ಯವೇನೆಂಬುದು ತಿಳಿದಿರಬೇಕು.

2. ಆಟದಲ್ಲಿ ಆಯ್ಕೆಯೆಂದರೇನು

ಕಾವ್ಯವನ್ನು ಓದುವವನು ಕವಿಯು ಕಟ್ಟಿದ ಕಥೆಯನ್ನು ಅನುಸರಿಸುತ್ತಾನೆ. ದುಷ್ಯಂತನು ಶಕುಂತಲೆಯನ್ನು ವರಿಸದಂತೆ ತಡೆಯುವ ಶಕ್ತಿ ಅವನಿಗಿಲ್ಲ. ಕಥಾಪ್ರಧಾನವಾದ ವಿಡಿಯೋ ಆಟದಲ್ಲಿಯಾದರೋ ಆಡುವವನೇ ನಾಯಕನು. ಸಂಭಾಷಣೆಯ ಸಂದರ್ಭದಲ್ಲಿ ಪರದೆಯ ಮೇಲೆ ಕೆಲವು ಮಾತುಗಳು ಕಾಣಿಸುತ್ತವೆ. ಅವುಗಳಲ್ಲಿ ಅವನು ಒಂದನ್ನು ಆರಿಸಿದಂತೆ ಕಥೆಯು ಕವಲೊಡೆಯುತ್ತದೆ. ಇದರಿಂದ ಎರಡು ಸಂಗತಿಗಳು ಫಲಿಸುತ್ತವೆ. ಒಂದು, ಯಾವ ಪ್ರಣಯವನ್ನು ಆಟಗಾರನು ಆರಿಸುವುದಿಲ್ಲವೋ ಅದು ಅವನ ಕಥೆಯಲ್ಲಿ ನಡೆಯುವುದೇ ಇಲ್ಲ, ಆಯ್ಕೆಯು ಆಜ್ಞೆಯಲ್ಲ. ಎರಡು, ಯಾವ ಪ್ರಣಯವನ್ನು ಆಟವು ಒಡ್ಡುವುದಿಲ್ಲವೋ ಅದು ಆ ಲೋಕದಲ್ಲಿ ಅಸಂಭವವೇ ಆಗುತ್ತದೆ. ಕಾವ್ಯದಲ್ಲಿ ಹೇಳದೆ ಬಿಟ್ಟುದನ್ನು ಸಹೃದಯನು ಊಹಿಸಿಕೊಳ್ಳಬಹುದು; ಆಟದಲ್ಲಿ ಬಿಟ್ಟುದು ಲೋಕದ ನಿಯಮವಾಗಿಬಿಡುತ್ತದೆ. ಆಟದ ಮೌನವು ಕಾವ್ಯದ ಮೌನಕ್ಕಿಂತ ಕಠಿನವಾದುದು.

ಜಪಾನಿನ ನಿಂಟೆಂಡೋ ಕಂಪನಿಯ ‘ತೋಮೋದಾಚಿ ಲೈಫ್’ ಇದಕ್ಕೆ ನಿದರ್ಶನ. ಅದರಲ್ಲಿ ಆಡುವವರು ತಮ್ಮವೇ ಪ್ರತಿರೂಪಗಳನ್ನು ನಿರ್ಮಿಸಿ ಅವುಗಳಿಗೆ ವಿವಾಹ ಮಾಡಿಸಬಹುದಾಗಿದ್ದಿತು, ಆದರೆ ಸ್ತ್ರೀಪುರುಷರ ನಡುವೆ ಮಾತ್ರ. 2014ರ ಮೇ ತಿಂಗಳಲ್ಲಿ ಇದಕ್ಕೆ ಆಕ್ಷೇಪ ಬಂದಾಗ, ಸಮಾಜವಿಮರ್ಶೆ ತನ್ನ ಉದ್ದೇಶವಲ್ಲವೆಂದು ಕಂಪನಿಯು ಮೊದಲು ಉತ್ತರವಿತ್ತು, ಅನಂತರ ಕ್ಷಮೆ ಕೇಳಿತು. ಏನನ್ನೂ ಹೇಳದಿರುವುದು ತಟಸ್ಥತೆಯೆಂದು ಅದು ಭಾವಿಸಿದ್ದಂತೆ ತೋರುತ್ತದೆ. ಆಡುವವರಿಗೆ ಆ ಮೌನವೇ ಒಂದು ಹೇಳಿಕೆಯಾಗಿ ಕೇಳಿಸಿತು. ಇದಕ್ಕೆ ವಿಪರೀತವಾದ ನಿದರ್ಶನವು 2000ದಲ್ಲಿ ಬಂದ ‘ದಿ ಸಿಮ್ಸ್’. ಅದರ ರಚನೆಯಲ್ಲಿ ಸಮಲಿಂಗಪ್ರಣಯವನ್ನು ಕೈಬಿಡಲು ನಿಶ್ಚಯಿಸಿದ್ದರೂ, ಪ್ಯಾಟ್ರಿಕ್ ಬ್ಯಾರೆಟ್ ಎಂಬ ಕೆಲಸಗಾರನ ಕೈಗೆ ಹಳೆಯ ಯೋಜನಾಪತ್ರವು ಬಂದು, ಅವನು ಅದರಂತೆಯೇ ರಚಿಸಿಬಿಟ್ಟನು. 1999ರ ಪ್ರದರ್ಶನವೊಂದರಲ್ಲಿ ಎರಡು ಸ್ತ್ರೀಪಾತ್ರಗಳು ತಾವಾಗಿಯೇ ಚುಂಬಿಸಿದುದು ಎಲ್ಲರ ಗಮನ ಸೆಳೆಯಿತು. ಆ ಆಯ್ಕೆಯು ಆಟದಲ್ಲಿ ಉಳಿಯಿತು.

ಇಂಥ ಆಯ್ಕೆಗಳನ್ನು ಎರಡು ವರ್ಗವಾಗಿ ವಿಂಗಡಿಸಬಹುದು. ಮೊದಲನೆಯದನ್ನು ಆಟಗಾರನಿಷ್ಠವೆನ್ನಬಹುದು. 2016ರ ‘ಸ್ಟಾರ್ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟದಲ್ಲಿ ವಿವಾಹಯೋಗ್ಯರಾದ 12 ಮಂದಿಯಿದ್ದಾರೆ. ಆಡುವವರು ಗಂಡಾಗಲಿ ಹೆಣ್ಣಾಗಲಿ ಅವರಲ್ಲಿ ಯಾರನ್ನಾದರೂ ವರಿಸಬಹುದು. ಎರಡನೆಯದು ಪಾತ್ರನಿಷ್ಠ. ‘ಇನ್‌ಕ್ವಿಸಿಷನ್’ನಲ್ಲಿ ಪ್ರಣಯಕ್ಕೆ ಅವಕಾಶವುಳ್ಳ ಪಾತ್ರಗಳು 8. ಇವರಲ್ಲಿ ನಾಲ್ವರು ಭಿನ್ನಲಿಂಗದವರನ್ನು ಮಾತ್ರ, ಇಬ್ಬರು ಸ್ತ್ರೀಪುರುಷರಿಬ್ಬರನ್ನೂ, ಇಬ್ಬರು ಸ್ವಲಿಂಗದವರನ್ನು ಮಾತ್ರ ಪ್ರೀತಿಸುವವರು. ಕಸಾಂಡ್ರ ಎಂಬ ವೀರಸ್ತ್ರೀಯು ಸ್ತ್ರೀಯ ಪ್ರಣಯವನ್ನು ಒಲ್ಲಳು. ಡೋರಿಯನ್ ಎಂಬ ಮಂತ್ರವಾದಿಯು ಸ್ತ್ರೀಯ ಪ್ರಣಯವನ್ನು ಒಲ್ಲನು. ಮೊದಲ ಬಗೆಯಲ್ಲಿ ಸಮತೆ ಹೆಚ್ಚು, ಪಾತ್ರದ ಇತಿಹಾಸ ಕಡಮೆ. ಎರಡನೆಯದರಲ್ಲಿ ಅನ್ಯರ ಸ್ವಭಾವವು ತನ್ನ ಇಚ್ಛೆಗೆ ಅಧೀನವಲ್ಲವೆಂಬುದನ್ನು ಆಟಗಾರನು ನಿರಾಕರಣೆಯ ಮೂಲಕವೇ ಅರಿಯುತ್ತಾನೆ. ಸಾಹಿತ್ಯದೃಷ್ಟಿಗೆ ಎರಡನೆಯದೇ ಮೇಲಾಗಿ ತೋರುವುದು.

ಡೋರಿಯನ್ನನ ಕಥೆಯು ಕನ್ನಡದ ಓದುಗರಿಗೆ ಅಪರಿಚಿತವಾಗಿ ಕಾಣಲಾರದು. ಅವನ ದೇಶದ ಕುಲೀನರು ಮಂತ್ರಶಕ್ತಿಯು ವಂಶದಲ್ಲಿ ಬೆಳೆಯಲೆಂದು ಸಂಬಂಧಗಳನ್ನು ಕುದುರಿಸುತ್ತಾರೆ. ಮಗನು ನಿಶ್ಚಿತವಾದ ಮದುವೆಗೆ ಒಪ್ಪದಿರಲು, ತಂದೆಯು ರಕ್ತಮಂತ್ರದಿಂದ ಅವನ ಸ್ವಭಾವವನ್ನೇ ಮಾರ್ಪಡಿಸಲೆಳಸುತ್ತಾನೆ. ಮಗನು ಮನೆ ಬಿಟ್ಟು ಹೋಗುತ್ತಾನೆ. ತಂದೆಮಕ್ಕಳು ಮತ್ತೆ ಎದುರಾದಾಗ ಅವರು ಮಾತನಾಡಬೇಕೆ ಬೇಡವೆ ಎಂಬುದರಲ್ಲಿ ಆಟಗಾರನ ಮಾತಿಗೂ ಪಾಲಿದೆ. ಪ್ರಣಯವನ್ನು ಆರಿಸದವನಿಗೂ ಈ ಪ್ರಸಂಗವು ತೆರೆದಿರುವುದರಿಂದ, ಇಲ್ಲಿರುವುದು ಶೃಂಗಾರದ ಆಮಿಷವಲ್ಲ. ವಂಶದ ಹಟಕ್ಕೂ ಜೀವದ ಒಲವಿಗೂ ನಡೆಯುವ ಹಳೆಯ ಘರ್ಷಣೆ. 2014ರಲ್ಲಿ ಈ ನಾಡಿನ ಆಟಗಾರರಿಗೆ ತಪ್ಪಿಹೋದುದು ಇಂಥ ಒಂದು ಕಥೆ.

3. ಕಾನೂನಿನ ಸ್ಥಿತಿ

ಆಟವನ್ನು ಹಿಂತೆಗೆದುಕೊಂಡ ಕಾಲದಲ್ಲಿ ಕಾನೂನು ಹೇಗಿದ್ದಿತೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ‘ನಿಸರ್ಗವಿರುದ್ಧ’ ಸಂಭೋಗಕ್ಕೆ ಆಜೀವ ಕಾರಾಗೃಹದವರೆಗೂ ಶಿಕ್ಷೆ ವಿಧಿಸಿದ್ದಿತು. ಕಲಬುರಗಿ ಸೀಮೆಯು ನಿಜಾಮರ ರಾಜ್ಯಕ್ಕೆ ಸೇರಿದ್ದು, ಅಲ್ಲಿ ಬೇರೆ ದಂಡಸಂಹಿತೆಯಿದ್ದುದರಿಂದ, ಭಾರತೀಯ ದಂಡಸಂಹಿತೆಯು ಈ ಸೀಮೆಗೆ ಅನ್ವಯವಾದುದು 1951ರಲ್ಲಿ. ದೆಹಲಿಯ ಉಚ್ಚ ನ್ಯಾಯಾಲಯವು 2009ರಲ್ಲಿ ಆ ಕಲಮಿನ ವ್ಯಾಪ್ತಿಯನ್ನು ಕುಗ್ಗಿಸಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಆಟವು ಮಾರುಕಟ್ಟೆಯಿಂದ ಮರೆಯಾದುದು ಇದಾದ ಹನ್ನೊಂದು ತಿಂಗಳಿಗೆ.

ಆದರೆ ಆ ಕಲಮು ಶಿಕ್ಷಿಸುತ್ತಿದ್ದುದು ಕೃತ್ಯವನ್ನು, ಕೃತ್ಯದ ವರ್ಣನೆಯನ್ನಲ್ಲ. ವರ್ಣನೆಗೆ ಸಂಬಂಧಿಸಿದುದು ಅಶ್ಲೀಲತೆಯನ್ನು ಕುರಿತ 292ನೆಯ ಕಲಮು. ಸಾಹಿತ್ಯ, ಕಲೆ, ವಿದ್ಯೆಗಳ ಹಿತಕ್ಕಾಗಿ ಇರುವ ಕೃತಿಗೆ ಅದರಲ್ಲಿ ವಿನಾಯಿತಿಯಿದ್ದಿತು. ಅದೂ ಅಲ್ಲದೆ, ಕೃತಿಯ ಬಿಡಿಭಾಗವು ದುರ್ಬಲಮನಸ್ಕರನ್ನು ಕೆಡಿಸಬಹುದೆ ಎಂದು ಕೇಳುವ, 1868ರಿಂದ ಬಂದ ಇಂಗ್ಲೆಂಡಿನ ಹಿಕ್ಲಿನ್ ನಿಕಷವನ್ನು ಸರ್ವೋಚ್ಚ ನ್ಯಾಯಾಲಯವು 2014ರ ಫೆಬ್ರವರಿಯಲ್ಲಿ ಅವೀಕ್ ಸರ್ಕಾರ್ ಮೊಕದ್ದಮೆಯಲ್ಲಿ ಕೈಬಿಟ್ಟು, ಸಮಕಾಲೀನ ಸಮುದಾಯದ ಪ್ರಮಾಣದಿಂದ ಸಮಗ್ರ ಕೃತಿಯನ್ನು ತೂಗಬೇಕೆಂದು ಹೇಳಿದ್ದಿತು. ಚಲನಚಿತ್ರಗಳಿಗೆ 1952ರ ಅಧಿನಿಯಮದ ಮೇರೆಗೆ ಪರಿಶೀಲಿಸುವ ಮಂಡಲಿಯಿರುವಂತೆ ವಿಡಿಯೋ ಆಟಗಳಿಗೆ ಆಗ ಯಾವ ಮಂಡಲಿಯೂ ಇರಲಿಲ್ಲ. ಹೀಗೆ, ಕೇಳುವವರಿಲ್ಲದೆಯೇ ಮಾರುವವರು ತಮಗೆ ತಾವೇ ತೀರ್ಪನ್ನಿತ್ತುಕೊಂಡಂತಾಯಿತು.

ಇದಕ್ಕೆ ಪ್ರತಿಯಾದ ಸಂಗತಿಯೊಂದು ಕನ್ನಡದಲ್ಲಿಯೇ ಉಂಟು. ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದ 2013ರಲ್ಲಿಯೇ ಸಂಡೂರಿನವರಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು ಪ್ರಕಟವಾಯಿತು. ಪುರುಷನನ್ನು ಪ್ರೀತಿಸುವ ಪುರುಷನೊಬ್ಬನ ಜೀವಿತವೇ ಅದರ ವಸ್ತು. ಪುಸ್ತಕವು ಬಹಿರಂಗವಾಗಿ ಮಾರಾಟವಾಯಿತು, ಚರ್ಚಿತವಾಯಿತು, 2016ರಲ್ಲಿ ಇಂಗ್ಲಿಷಿಗೂ ಅನುವಾದವಾಯಿತು. ಒಂದೇ ಕಾನೂನಿನ ಕೆಳಗೆ ಕನ್ನಡದ ಕಥೆಗೆ ದೊರೆತ ಎಡೆ ಪರದೇಶದ ಆಟಕ್ಕೆ ದೊರೆಯಲಿಲ್ಲ. ಕನ್ನಡ ಓದುಗರ ಸಮುದಾಯವು ಸಹಿಸಲಾರದೆಂಬ ಊಹೆಯನ್ನು ಓದುಗರೇ ಸುಳ್ಳುಮಾಡಿದ್ದರು.

2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ನವ್‌ತೇಜ್ ಸಿಂಗ್ ಜೋಹರ್ ಮೊಕದ್ದಮೆಯಲ್ಲಿ, ಪ್ರಾಪ್ತವಯಸ್ಕರು ಒಪ್ಪಿ ನಡೆಸುವ ಸಂಬಂಧವು ಅಪರಾಧವಲ್ಲವೆಂದು ಸಾರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಮು ಇಲ್ಲ. ವಿವಾಹದ ಮಾತು ಬೇರೆ: 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಮಲಿಂಗವಿವಾಹಕ್ಕೆ ಮಾನ್ಯತೆ ದೊರೆಯಲಿಲ್ಲ, ಆ ವಿಷಯವನ್ನು ಶಾಸನಸಭೆಗೆ ಬಿಡಲಾಯಿತು.

4. ಸೀಮೆಯ ಸಾಕ್ಷ್ಯ

ಮೊದಲು ಧರ್ಮಶಾಸ್ತ್ರ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕಲಬುರಗಿ ಜಿಲ್ಲೆಯ ಮರ್ತೂರಿನೊಡನೆ ಅವನ ಸಂಬಂಧವನ್ನು ಹೇಳುವುದುಂಟು. ಆ ಸ್ಮೃತಿಯ ವ್ಯವಹಾರಾಧ್ಯಾಯವು ಪುರುಷನೊಡನೆ ಪುರುಷನ ಸಂಪರ್ಕವನ್ನು ಉಲ್ಲೇಖಿಸಿ 24 ಪಣಗಳ ದಂಡವನ್ನು ವಿಧಿಸುತ್ತದೆ. ಅದೇ ಸ್ಮೃತಿಯ ಪ್ರಕಾರ ಉತ್ತಮಸಾಹಸದಂಡವು 1080 ಪಣ, ಮಧ್ಯಮವು ಅದರ ಅರ್ಧ, ಅಧಮವು ಅದರರ್ಧ, ಎಂದರೆ 270 ಪಣ. 24 ಪಣವು ಈ ಅಧಮದಂಡದ ಹತ್ತನೆಯ ಒಂದು ಪಾಲಿಗಿಂತಲೂ ಕಡಮೆ. ಇದರಿಂದ ಎರಡು ಪಕ್ಷಗಳಿಗೂ ಉತ್ತರ ದೊರೆಯುತ್ತದೆ. ಪ್ರಾಚೀನರು ಇದನ್ನು ಅರಿಯರೆಂಬುದು ಸುಳ್ಳು, ಏಕೆಂದರೆ ಅರಿಯದುದಕ್ಕೆ ದಂಡವಿಲ್ಲ. ಪ್ರಾಚೀನರು ಸಂಪೂರ್ಣವಾಗಿ ಅಂಗೀಕರಿಸಿದ್ದರೆಂಬುದೂ ಸುಳ್ಳು, ಏಕೆಂದರೆ ಅಂಗೀಕರಿಸಿದುದಕ್ಕೂ ದಂಡವಿಲ್ಲ. ಅವರು ಇದನ್ನು ದೋಷವೆಂದೆಣಿಸಿದರು. ಆದರೆ ಘೋರಪಾತಕಗಳ ಸಾಲಿನಲ್ಲಿ ಇಡಲಿಲ್ಲ. 24 ಪಣಕ್ಕೂ ಆಜೀವ ಕಾರಾಗೃಹಕ್ಕೂ ಇರುವ ಅಂತರವನ್ನು ಸಂಸ್ಕೃತಿಯ ಹೆಸರಿನಲ್ಲಿ ಮುಚ್ಚುವುದು ಸಾಧ್ಯವಲ್ಲ.

ಅದೇ ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿನಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರ ಐದನೆಯ ಭಾಗವಾದ ಕ್ರೀಡಾವಿಂಶತಿಯಲ್ಲಿ ಚದುರಂಗ, ದಾಳದಾಟ, ಕವಡೆಯಾಟಗಳ ಸಾಲಿನಲ್ಲಿಯೇ ಪ್ರೇಮಕ್ರೀಡೆಯೂ ಸೇರಿದೆ. ಅಲ್ಲಿ ವರ್ಣಿತವಾದುದು ಅರಸನ ಮತ್ತು ಅಂಗನೆಯರ ವಿಲಾಸ. ಸಮಲಿಂಗಪ್ರಣಯಕ್ಕೆ ಅದು ಆಧಾರವಾಗದು. ಆದರೆ ಆಟದಲ್ಲಿ ಪ್ರಣಯವನ್ನು ಬೆರೆಸುವುದೇ ಪರದೇಶದ ಚಪಲವೆನ್ನುವವರಿಗೆ ಉತ್ತರವಾಗುತ್ತದೆ.

ವಚನಸಾಹಿತ್ಯದ ಸಾಕ್ಷ್ಯವು ಇನ್ನೂ ಸೂಕ್ಷ್ಮವಾದುದು. ಶರಣಸತಿ ಲಿಂಗಪತಿ ಭಾವದಲ್ಲಿ ಬಸವಣ್ಣನವರೂ ಉರಿಲಿಂಗದೇವನೂ ಗಜೇಶ ಮಸಣಯ್ಯನೂ ಹೆಣ್ಣಿನ ದನಿಯಲ್ಲಿ ಹಂಬಲಿಸಿ ನುಡಿದಿದ್ದಾರೆ. ಉರಿಲಿಂಗದೇವನ ವಚನಗಳಲ್ಲಿ ಈ ಭಾವವು ಬೇಟದ ಸಕಲ ಅವಸ್ಥೆಗಳನ್ನೂ ಮುಟ್ಟುತ್ತದೆ. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನು ಗಂಡುಹೆಣ್ಣೆಂಬ ಭೇದವನ್ನು ದೇಹದ ಕುರುಹುಗಳಿಗೆ ಬಿಟ್ಟು, ಆತ್ಮಕ್ಕೆ ಅದನ್ನು ನಿರಾಕರಿಸಿದನು. ಇವುಗಳನ್ನು ಸಮಲಿಂಗಪ್ರಣಯವೆಂದು ಓದುವುದು ಅತಿವ್ಯಾಪ್ತಿದೋಷ. ಇಲ್ಲಿ ಶರಣನು ಸತಿಯೇ ಆಗುತ್ತಾನೆ, ದಾಂಪತ್ಯದ ರೂಪವು ಹಾಗೆಯೇ ಉಳಿಯುತ್ತದೆ. ಆದರೆ ಗಂಡುದೇಹದಿಂದ ಹೆಣ್ಣುದನಿ ಹೊರಡುವುದು ಈ ನೆಲದಲ್ಲಿ ನಗೆಪಾಟಲಾಗಲಿಲ್ಲವೆಂಬುದಂತೂ ನಿರ್ವಿವಾದ. ಬೃಹನ್ನಳೆ, ಶಿಖಂಡಿ ಮುಂತಾದವರನ್ನು ಈ ಚರ್ಚೆಗೆ ತರುವುದೂ ಯುಕ್ತವಲ್ಲ. ಅವು ಲಿಂಗಪರಿವರ್ತನೆಯ ಕಥೆಗಳು, ಒಲವಿನ ದಿಕ್ಕಿನವಲ್ಲ.

ಕಲಬುರಗಿಯಲ್ಲಿಯೇ 1422ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ಪರಂಪರೆಯು ಪಾರಸಿ ಸೂಫಿಕಾವ್ಯದ್ದು. ಪಾರಸಿಯ ಸರ್ವನಾಮದಲ್ಲಿ ಲಿಂಗಭೇದವಿಲ್ಲ. ಗಜಲಿನ ಪ್ರಿಯವ್ಯಕ್ತಿಯು ಗಂಡೋ ಹೆಣ್ಣೋ ದೈವವೋ ಎಂಬುದು ಅನೇಕ ವೇಳೆ ನಿರ್ಣಯವಾಗದೆಯೇ ನಿಲ್ಲುತ್ತದೆ. ನೆರೆಯ ಬಿಜಾಪುರದಲ್ಲಿ ಹದಿನೇಳನೆಯ ಶತಮಾನದ ಹಾಶ್ಮಿಯು ದಖನಿಯಲ್ಲಿ ಹೆಣ್ಣಿನ ದನಿಯಿಂದ ಗಜಲುಗಳನ್ನು ರಚಿಸಿದನು. ಇಲ್ಲಿಯೂ ಸಿದ್ಧವಾಗುವುದು ಇಷ್ಟೇ: ಈ ಸೀಮೆಯ ಪ್ರೇಮಕಾವ್ಯವು ನುಡಿಯುವವರ ಲಿಂಗವನ್ನು ಒಂದೇ ಕಡೆ ಕಟ್ಟಿಹಾಕಿರಲಿಲ್ಲ.

5. ಅಲಂಕಾರಶಾಸ್ತ್ರ ಮತ್ತು ಕನ್ನಡ ನುಡಿ

ಸಾಹಿತ್ಯೋಪಾಧ್ಯಾಯರಲ್ಲಿ ಕೆಲವರು ಸಮಲಿಂಗಪ್ರಣಯವನ್ನು ಔಚಿತ್ಯವಿಲ್ಲದ ರತಿಯೆಂದೂ, ಆದುದರಿಂದ ರಸಾಭಾಸವೆಂದೂ ಹೇಳಬಹುದು. ಹದಿನಾಲ್ಕನೆಯ ಶತಮಾನದ ವಿಶ್ವನಾಥನ ‘ಸಾಹಿತ್ಯದರ್ಪಣ’ದಲ್ಲಿ ಆಭಾಸದ ಸ್ಥಳಗಳನ್ನು ಎಣಿಸಿದೆ: ಉಪನಾಯಕನಲ್ಲಿ, ಮುನಿ ಮತ್ತು ಗುರುಗಳ ಪತ್ನಿಯರಲ್ಲಿ, ಬಹುನಾಯಕರಲ್ಲಿ ನೆಟ್ಟ ರತಿ, ಒಂದೇ ಕಡೆಯ ರತಿ, ಪಶುಪಕ್ಷಿಗಳ ರತಿ ಮುಂತಾದವು. ಸಮಲಿಂಗರತಿಯು ಆ ಎಣಿಕೆಯಲ್ಲಿ ಬರುವುದಿಲ್ಲ. ಬರುವುದೆಂದೇ ಇಟ್ಟುಕೊಂಡರೂ, ಆಭಾಸವೂ ಆಸ್ವಾದ್ಯವಾಗಿರುವುದರಿಂದ ರಸವೆಂಬ ಹೆಸರಿಗೆ ತಕ್ಕುದೆಂದು ಅದೇ ಆಲಂಕಾರಿಕನು ಒಪ್ಪಿದ್ದಾನೆ. ಆಭಾಸವೆಂಬುದು ವರ್ಗೀಕರಣದ ಮಾತು, ಬಹಿಷ್ಕಾರದ ಮಾತಲ್ಲ. ಹಾಗಲ್ಲದಿದ್ದರೆ ಒಂದೇ ಕಡೆಯ ಒಲವನ್ನು ಹಾಡಿದ ಕವಿಗಳೆಲ್ಲರೂ ಹೊರಗಾಗಬೇಕಾಗುತ್ತಿದ್ದಿತು.

ಕನ್ನಡ ನುಡಿಯ ಸ್ವಭಾವವೂ ಇಲ್ಲಿ ಗಮನಾರ್ಹ. ಆಟದ ಪ್ರಣಯಸಂಭಾಷಣೆಯು ಉತ್ತಮ ಮತ್ತು ಮಧ್ಯಮ ಪುರುಷಗಳಲ್ಲಿ ನಡೆಯುತ್ತದೆ. ಹಿಂದಿಯಲ್ಲಿ ‘ನಾನು ಪ್ರೀತಿಸುತ್ತೇನೆ’ ಎಂಬುದನ್ನು ಹೇಳುವಾಗ ಕ್ರಿಯಾಪದವೇ ನುಡಿಯುವವರು ಗಂಡೋ ಹೆಣ್ಣೋ ಎಂಬುದನ್ನು ತಿಳಿಸಿಬಿಡುತ್ತದೆ. ಕನ್ನಡದಲ್ಲಿ ‘ಪ್ರೀತಿಸುತ್ತೇನೆ’, ‘ಬಂದೆನು’, ‘ಕಾದಿದ್ದೆ’ ಎಂಬ ರೂಪಗಳಿಗೆ ಲಿಂಗವಿಲ್ಲ. ‘ನೀನು ಬಂದೆ’ ಎಂಬುದಕ್ಕೂ ಇಲ್ಲ. ‘ಅವನು’, ‘ಅವಳು’ ಎಂದು ಪ್ರಥಮಪುರುಷಕ್ಕೆ ಬಂದಾಗ ಮಾತ್ರ ಭೇದವು ತಲೆದೋರುತ್ತದೆ. ಗೌರವದ ‘ಅವರು’ ಎಂಬಲ್ಲಿ ಅದು ಮತ್ತೆ ಮರೆಯಾಗುತ್ತದೆ. ಹೀಗಿರುವುದರಿಂದ ಇಂಥ ಆಟವನ್ನು ಕನ್ನಡಕ್ಕೆ ತರುವವರು ಒಂದೇ ಪ್ರಣಯವಾಕ್ಯವನ್ನು ಯಾವ ಜೋಡಿಗೂ ಬಹುಮಟ್ಟಿಗೆ ಹಾಗೆಯೇ ಬಳಸಬಹುದು. ‘ಗಂಡ’, ‘ಹೆಂಡತಿ’ ಎಂಬೆಡೆ ‘ಸಂಗಾತಿ’ ಎಂಬ ಮಾತು ಸಿದ್ಧವಾಗಿದೆ. ಒಲವನ್ನು ನೇರವಾಗಿ ಎದುರಿಗಿಟ್ಟು ನುಡಿಯುವಾಗ ಕನ್ನಡವು ಲಿಂಗವನ್ನು ಕೇಳುವುದಿಲ್ಲ. ಮೂರನೆಯವರ ಮಾತಾಗಿ ಹೇಳುವಾಗ ಕೇಳುತ್ತದೆ.

6. ಆಕ್ಷೇಪಗಳಿಗೆ ಸಮಾಧಾನ

ಪರದೇಶದಿಂದ ಬಂದುದೆಂಬ ಆಕ್ಷೇಪವು ಆಟಗಳ ಮಟ್ಟಿಗೆ ನಿಜ. ಮೇಲೆ ಹೇಳಿದ ಆಟಗಳೆಲ್ಲವೂ ಅಮೆರಿಕ, ಕೆನಡ, ಜಪಾನುಗಳಲ್ಲಿ ತಯಾರಾದುವು. ಆದರೆ ಕಾದಂಬರಿ, ಸಣ್ಣಕಥೆಗಳ ಪ್ರಕಾರವೂ ಹೊರಗಿನಿಂದ ಬಂದು ಕನ್ನಡದ್ದಾಯಿತು. ಅಲ್ಲದೆ 377ನೆಯ ಕಲಮು ಈ ಸೀಮೆಗೆ ಬಂದುದು 1951ರಲ್ಲಿ. ಮಿತಾಕ್ಷರೆಯು ಇಲ್ಲಿ ಹುಟ್ಟಿ ಒಂಬತ್ತು ಶತಮಾನಗಳಾದವು. ಬಂದ ಕಾಲದಿಂದ ಸ್ವದೇಶಿತ್ವವನ್ನು ನಿರ್ಣಯಿಸುವುದಾದರೆ ಹೊರಗಿನದಾವುದೆಂಬುದು ಸ್ಪಷ್ಟ.

ಎಳೆಯರ ಹಿತವೆಂಬ ಆಕ್ಷೇಪಕ್ಕೆ ಬೆಲೆಯಿದೆ. ‘ಇನ್‌ಕ್ವಿಸಿಷನ್’ ಪ್ರೌಢರಿಗಾಗಿಯೇ ಇದ್ದ ಆಟ. ಯೂರೋಪಿನ ವರ್ಗೀಕರಣದಲ್ಲಿ ಅದು 18 ವಯಸ್ಸಿನವರಿಗೆಂದು ಗುರುತಾಗಿದ್ದಿತು. ಹಿಂಸೆ, ನಗ್ನತೆಗಳಿಗೆ ವಯಸ್ಸಿನ ಕಟ್ಟು ಇರುವುದು ಯುಕ್ತ. ಆ ಕಟ್ಟು ಸ್ತ್ರೀಪುರುಷರ ಪ್ರಣಯಕ್ಕೂ ಸಮಲಿಂಗಪ್ರಣಯಕ್ಕೂ ಒಂದೇ ಆಗಿರಬೇಕು. ಒಂದಕ್ಕೆ ವಯಸ್ಸಿನ ಕಟ್ಟು, ಇನ್ನೊಂದಕ್ಕೆ ಪೂರ್ಣನಿಷೇಧ ಎನ್ನುವಲ್ಲಿ ಕಾಣುವುದು ಎಳೆಯರ ಹಿತವಲ್ಲ, ಪೂರ್ವಗ್ರಹ.

ಮೇಲಿನ ವಿಮರ್ಶೆಯಿಂದ ಫಲಿಸುವುದೇನೆಂದರೆ: ಈ ಸೀಮೆಯ ಗ್ರಂಥಗಳು ಸಮಲಿಂಗಪ್ರಣಯವನ್ನು ಕೊಂಡಾಡಿದವೆಂದು ಹೇಳಲು ಆಧಾರವಿಲ್ಲ, ಅದನ್ನು ಹೇಳಬಾರದ ಮಾತೆಂದು ಬಗೆದವೆನ್ನಲೂ ಆಧಾರವಿಲ್ಲ. ಸ್ಮೃತಿಯು ಅದನ್ನು ಹೆಸರಿಸಿ ತೂಗಿತು, ಅಲಂಕಾರಶಾಸ್ತ್ರವು ಆಭಾಸಕ್ಕೂ ರಸದ ಪಂಕ್ತಿಯಲ್ಲಿ ಎಡೆಯಿತ್ತಿತು, ಕನ್ನಡದ ಆಧುನಿಕ ಕಥೆಯು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿತು. ಆದುದರಿಂದ ‘ನಮ್ಮ ಸಂಸ್ಕೃತಿ ಒಪ್ಪುವುದಿಲ್ಲ’ ಎಂಬ ವಾಕ್ಯವನ್ನು ಪ್ರಮಾಣವಾಕ್ಯವಾಗಿ ಉಪಯೋಗಿಸುವ ಅಧಿಕಾರವು ಯಾರಿಗೂ ಇಲ್ಲ. ಒಪ್ಪದಿರುವವರು ತಮ್ಮ ಹೆಸರಿನಲ್ಲಿಯೇ ಒಪ್ಪದಿರಬಹುದು.

ಆಟಗಳು ಇಂದಿನ ತರುಣರ ಕಥಾಭಂಡಾರದಲ್ಲಿ ದೊಡ್ಡದೊಂದು ಪಾಲು. ತರಗತಿಯಲ್ಲಿ ಈ ಪ್ರಶ್ನೆ ಎದ್ದಾಗ, ಎದುರಿಗೆ ಕುಳಿತವರಲ್ಲಿ ಯಾರ ಬಾಳಿಗೆ ಅದು ಸಂಬಂಧಿಸಿದುದೆಂಬುದು ಉಪಾಧ್ಯಾಯರಿಗೆ ತಿಳಿದಿರುವುದಿಲ್ಲ. ಉತ್ತರವು ಅಂಥವರ ಕಿವಿಗೂ ಬೀಳುವುದೆಂಬ ಎಚ್ಚರವಿದ್ದರೆ, ಗ್ರಂಥಗಳಲ್ಲಿಲ್ಲದ ಕಠೋರತೆಯನ್ನು ಗ್ರಂಥಗಳ ಹೆಸರಿನಲ್ಲಿ ಹೇಳುವ ಪ್ರಮಾದವು ತಪ್ಪುವುದು.